ಜರ್ಮನಿಯೂ ನಮ್ಮ ಮೂರನೇ ಮಹಡಿಯೂ

1988ರ ನವೆಂಬರ್ ತಿಂಗಳು. ನಾವಾಗ ಔರಂಗಾಬಾದಿನಲ್ಲಿದ್ದೆವು; ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನಮ್ಮ ಯಜಮಾನರದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ವಿಜಾಪುರದಿಂದ ವರ್ಗವಾಗಿ ಬಂದು ಎಂಟು ವರ್ಷವಾಗಿತ್ತು. ಅಲ್ಲಿಯವರೆಗೆ ನಾನು ವೇದಿಕೆ ಹತ್ತಿದ್ದು ಒಂದೇ ಸಲ, ನನ್ನ ಮದುವೆಯ ದಿನ. ಆವತ್ತೂ ತಲೆ ತಗ್ಗಿಸಿಕೊಂಡೇ ಕೂತಿದ್ದೆ. ಅಂಥವಳು ನೂರೈವತ್ತು ಜನರ ಮುಂದೆ ನಿಂತು, ಕಣ್ಣಾರೆ ನೋಡಿರದ ಒಂದು ದೇಶದ ಪರವಾಗಿ ವಾದ ಮಾಡಿದೆ ಎಂದರೆ ನನಗೇ ಈಗಲೂ ನಗು ಬರುತ್ತದೆ.

ಮೊದಲು ನಮ್ಮ ಮನೆಯ ನೀರಿನ ಕಥೆ ಹೇಳಬೇಕು. ಚಿಕಲಠಾಣಾ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಸರಕಾರಿ ಕ್ವಾರ್ಟರ್ಸ್. ನಾವಿದ್ದದ್ದು ಮೂರನೇ ಮಹಡಿಯಲ್ಲಿ. ಮುಂಜಾನೆ ಐದಕ್ಕೆ ಬಿಟ್ಟ ನೀರು ಆರೂಕಾಲಿಗೆ ನಿಲ್ಲುತ್ತಿತ್ತು, ಅದೂ ನೆಲಮಟ್ಟದ ಟಾಕಿಗೆ ಮಾತ್ರ. ಮೇಲಕ್ಕೆ ಎತ್ತುವ ಪಂಪು ನಾವು ಬರುವ ಮೊದಲೇ ಕೆಟ್ಟು ಕೂತಿತ್ತು. ಅಡಿಗೆಮನೆಯಲ್ಲಿ ನಲ್ಲಿಯೇನೋ ಇತ್ತು. ತಿರುವಿದರೆ ಬುಸ್ಸೆಂದು ಗಾಳಿ ಬಿಡುತ್ತಿತ್ತು. ಹೀಗಾಗಿ ಕತ್ತಲಿರುವಾಗಲೇ ಕಟ್ಟಡದ ಹೆಂಗಸರೆಲ್ಲ ಕೊಡ, ಬಕೆಟ್ ಹಿಡಿದು ಟಾಕಿಯ ಮುಂದೆ ಪಾಳಿ ಹಚ್ಚಬೇಕು. ಕೆಳಗಿನಿಂದ ನಮ್ಮ ಬಾಗಿಲಿಗೆ ಐವತ್ನಾಲ್ಕು ಮೆಟ್ಟಿಲು. ನಾನು ಆರು ಸಲ ಹತ್ತುತ್ತಿದ್ದೆ, ನನ್ನ ಮಗಳು ವಿದ್ಯಾ ನಾಲ್ಕು ಸಲ. ಪಂಪಿಗಾಗಿ ನಾವು ಹೆಂಗಸರು ಕಚೇರಿಗೆ ಎಷ್ಟು ಅರ್ಜಿ ಕೊಟ್ಟೆವೋ ಲೆಕ್ಕವಿಲ್ಲ. ಗಂಡಸರು ಮಾತ್ರ ಏಳುತ್ತಿದ್ದದ್ದು ಆರೂವರೆಗೆ, ಕಾಯಿಸಿದ ನೀರು ಬಚ್ಚಲಿಗೆ ಬಂದ ಮೇಲೆ. ನೀರು ಹೊರುವುದು ಹೆಂಗಸರ ಕೆಲಸ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು.

ಆ ವರ್ಷ ವಿದ್ಯಾ ಏಳನೇ ತರಗತಿ. ಮರಾಠಿ ಶಾಲೆ. ಮಹಾರಾಷ್ಟ್ರದಲ್ಲಿ ಏಳನೇ ತರಗತಿಯವರಿಗೆ ಸ್ಕಾಲರ್‌ಶಿಪ್ ಪರೀಕ್ಷೆ ಇರುತ್ತದೆ. ಜಾಣ ಮಕ್ಕಳನ್ನು ಆರಿಸಿ ಮುಂಜಾನೆ ಆರೂವರೆಗೆ ಬೇರೆ ಕ್ಲಾಸು ನಡೆಸುತ್ತಾರೆ. ನಮ್ಮ ವಿದ್ಯಾಳನ್ನು ಆರಿಸಿದ ದಿನ ನಾನು ಸಿಹಿಯೆಂದು ಸಜ್ಜಕ ಮಾಡಿದ್ದೆ. ಆದರೆ ನೀರು ಹೊತ್ತು, ಜಡೆ ಹಾಕಿಸಿಕೊಂಡು, ಓಡುತ್ತ ಹೋದರೂ ಅವಳಿಗೆ ವಾರಕ್ಕೆ ಎರಡು ಸಲವಾದರೂ ತಡವಾಗುತ್ತಿತ್ತು. ದೀಪಾವಳಿ ರಜೆಗೆ ಮೊದಲು ಅವಳ ಟೀಚರು ನನ್ನನ್ನು ಕರೆಸಿ, ಇನ್ನು ಎರಡು ಸಲ ತಡವಾದರೆ ಹೆಸರು ತೆಗೆದು ಬೇರೆ ಮಗುವನ್ನು ಕೂಡಿಸುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಹೆಣ್ಣಹುಡುಗಿ. ನಾಳೆ ಗಂಡನ ಮನ್ಯಾಗ ಸ್ಕಾಲರ್‌ಶಿಪ್ ಕೇಳ್ತಾರೇನು? ಇನ್ನೂ ಸ್ವಲ್ಪ ಲಗೂನ ಎಬ್ಬಸು."

"ಲಗೂನ ಎಬ್ಬಸಿದ್ರ ನೀರು ಲಗೂನ ಬರ್ತಾವೇನ್ರಿ?" ಎಂದೆ.

"ನನ್ನ ಕಡಿಂದ ಏನ್ ಮಾಡಸಬೇಕಂತಿ? ನಾ ಕೊಡಾ ಹೊತಗೊಂಡು ಮೆಟ್ಟಲಾ ಹತ್ಲೇನು? ಆಫೀಸ್ ಮಂದಿ ನೋಡಿದ್ರ ನಗ್ತಾರ" ಎಂದರು.

ನಮ್ಮವರು ಕೆಟ್ಟವರಲ್ಲ. ಬೀಡಿ ಸಹ ಮುಟ್ಟದವರು, ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಆದರೆ ಆ ಮಾತು ನನಗೆ ಸಹಿಸಲಾಗಲಿಲ್ಲ. ಯಾಕೆಂದರೆ ನಾನೂ ಶಾಲೆ ಬಿಟ್ಟದ್ದು ಏಳನೇ ತರಗತಿಯಲ್ಲೇ. ಅವ್ವ ನನ್ನ ತಮ್ಮನ ಬಸುರಿಯಾಗಿದ್ದಳು, ನಮ್ಮ ಹಳ್ಳಿಯ ಸಿಹಿನೀರಿನ ಬಾವಿ ಊರ ಹೊರಗಿತ್ತು. "ಒಂದು ವಾರ ಸಾಲಿ ಬಿಡು" ಎಂದಿದ್ದರು. ಆ ವಾರ ಇನ್ನೂ ಮುಗಿದಿಲ್ಲ.

ಇದೇ ಹೊತ್ತಿಗೆ ಊರಿನ ಕನ್ನಡಿಗರ ಸಂಘದಲ್ಲಿ ರಾಜ್ಯೋತ್ಸವದ ತಯಾರಿ ನಡೆದಿತ್ತು. ಬ್ಯಾಂಕಿನವರು, ಕೇಂದ್ರ ಸರಕಾರದ ನೌಕರರು, ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಕೆಲವು ಕುಟುಂಬಗಳು ಎಲ್ಲ ಸೇರಿದರೆ ಒಂದು ಶಾಲೆಯ ಸಭಾಂಗಣ ತುಂಬುತ್ತಿತ್ತು. ಕಾರ್ಯದರ್ಶಿ ಹಿರೇಮಠ ಮಾಸ್ತರರು, ನಿವೃತ್ತ ಶಿಕ್ಷಕರು. ಅವರು ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಗೆರೆ ಹೊಡೆದು, ಮೇಲೆ ರಂಗೋಲಿ, ಅಡಿಗೆ, ಗಾಯನ, ಚರ್ಚೆ ಎಂದು ಬರೆದು ಮನೆಮನೆಗೂ ಕಳಿಸಿದ್ದರು. ಹಾಳೆ ನಮ್ಮ ಮನೆಗೆ ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಎರಡೂ ಕೈ ಹಿಟ್ಟು. "ರಂಗೋಲಿ ಕೆಳಗ ನನ್ನ ಹೆಸರು ಬರಿ" ಎಂದು ವಿದ್ಯಾಗೆ ಹೇಳಿದೆ.

ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಕನ್ನಡ ಓದಲು ಬರುವುದಿಲ್ಲ. ಮರಾಠಿ ಶಾಲೆಯ ಮಕ್ಕಳೆಲ್ಲರದೂ ಅದೇ ಪಾಡು. ಹಾಳೆಯಲ್ಲಿ ಮೂರು ಅಂಕಣ ಹೆಸರುಗಳಿಂದ ಭರ್ತಿಯಾಗಿದ್ದವು, ನಾಲ್ಕನೆಯದರಲ್ಲಿ ಒಂದೇ ಹೆಸರಿತ್ತು. ಅವಳು ಅಲ್ಲಿಯೇ ದುಂಡಗೆ ಮರಾಠಿ ಅಕ್ಷರದಲ್ಲಿ ನನ್ನ ಹೆಸರು ಬರೆದು ಹಾಳೆ ಮುಂದಿನ ಮನೆಗೆ ಕೊಟ್ಟು ಬಂದಳು. ಸಂಜೆ ಹಿರೇಮಠ ಮಾಸ್ತರರು ಐವತ್ನಾಲ್ಕು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದರು.

"ಸುಮಿತ್ರಾಬಾಯಿ, ಭಾಳ ಉಪಕಾರಾತ್ರಿ. ಚರ್ಚಾಸ್ಪರ್ಧೆಗೆ ಒಬ್ರೇ ಇದ್ರು. ಒಬ್ರೇ ಹ್ಯಾಂಗ ಚರ್ಚೆ ಮಾಡ್ತಾರ?"

ಮಗಳ ಕಡೆ ನೋಡಿದೆ. "ಅವ್ವಾ, ಅಲ್ಲಿ ಜಾಗಾ ರಿಕಾಮಿ ಇತ್ತು ನಾ, ಅದಕ್ಕ ಬರದೆ" ಎಂದಳು. ಖಾಲಿ ಇತ್ತಂತೆ! ನಾನು ಎಷ್ಟು ಬೇಡಿಕೊಂಡರೂ ಮಾಸ್ತರರು ಹೆಸರು ತೆಗೆಯಲು ಒಪ್ಪಲಿಲ್ಲ. ಆ ಇನ್ನೊಬ್ಬರು ಯಾರು ಎಂದು ಕೇಳಿದೆ. ಇನಾಮದಾರ ಸಾಹೇಬರು ಎಂದರು. ನಾನು ಅಲ್ಲೇ ನೆಲಕ್ಕೆ ಕೂತೆ.

ಇನಾಮದಾರ ಸಾಹೇಬರು ನಮ್ಮವರ ಕಚೇರಿಯಲ್ಲೇ ಅಧಿಕಾರಿ, ನಮ್ಮ ಕೆಳಗೆ ಎರಡನೇ ಮಹಡಿಯಲ್ಲಿ ಮನೆ. ಹೆಚ್ಚಿನ ತರಬೇತಿಗೆಂದು ಎರಡು ವರ್ಷ ಪಶ್ಚಿಮ ಜರ್ಮನಿಯಲ್ಲಿದ್ದು ಹಿಂದಿನ ವರ್ಷವಷ್ಟೇ ಬಂದಿದ್ದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ "ನಮ್ಮ ಜರ್ಮನಿಯೊಳಗ" ಎಂಬ ಮಾತು. ಬಸ್ಸು ತಡವಾದರೆ ಜರ್ಮನಿ, ಹಾಲಿನಲ್ಲಿ ನೀರಿದ್ದರೆ ಜರ್ಮನಿ, ಯಾರಾದರೂ ರಸ್ತೆಯಲ್ಲಿ ಉಗುಳಿದರೂ ಜರ್ಮನಿ. ಕಾಲೊನಿಯಲ್ಲಿ ಅವರ ಹಿಂದೆ ಎಲ್ಲರೂ ಜರ್ಮನ್ ಸಾಹೇಬರು ಎಂದೇ ಕರೆಯುತ್ತಿದ್ದರು. ಚರ್ಚೆಯ ವಿಷಯವನ್ನೂ ಅವರೇ ಸೂಚಿಸಿದ್ದರಂತೆ: "ಬಾಳಲು ನಮ್ಮ ದೇಶ ಮೇಲೋ, ಪರದೇಶ ಮೇಲೋ?"

ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಸಂಘದ ರೂಢಿ. ಒಂದು ವಾರ ಮೊದಲು ಮಾಸ್ತರರ ಮನೆಯಲ್ಲಿ ಚೀಟಿ ಎತ್ತಿದೆವು. ಸಾಹೇಬರಿಗೆ ಬಂದದ್ದು ನಮ್ಮ ದೇಶ. ನನಗೆ ಬಂದದ್ದು ಪರದೇಶ! ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು.

"ಏನ್ರಿ ಸುಮಿತ್ರಾಬಾಯಿ, ಮುಂಬೈ ಸುದ್ದಾ ನೋಡಿಲ್ಲ ನೀವು. ಜರ್ಮನಿ ಬಗ್ಗೆ ಏನ್ ಹೇಳ್ತೀರಿ? ಬೇಕಾದ್ರ ನನ್ನ ಫೋಟೋ ಆಲ್ಬಮ್ ಕೊಡ್ತೀನಿ, ನೋಡ್ಕೋರಿ."

ಆಲ್ಬಮ್ ಬೇಡವೆಂದೆ. ಮರುದಿನ ಟಾಕಿಯ ಪಾಳಿಯಲ್ಲಿ ಅವರ ಹೆಂಡತಿ ಪದ್ಮಾಬಾಯಿಯವರನ್ನೇ ಹಿಡಿದೆ. ಅಧಿಕಾರಿಯ ಹೆಂಡತಿಯಾದರೂ ನಮ್ಮ ಹಾಗೆಯೇ ಐದಕ್ಕೆ ಎದ್ದು ಕೊಡ ಹೊರುವವರು. ಹೆಚ್ಚು ಮಾತಿನವರಲ್ಲ. ಆ ವಾರ ದಿನವೂ ಒಂದೊಂದಿಷ್ಟು ಹೇಳಿದರು. ಅಲ್ಲಿ ನಲ್ಲಿ ತಿರುವಿದರೆ ಹಗಲು ರಾತ್ರಿ ನೀರು, ಅದರಲ್ಲಿ ಬಿಸಿಯದು ಬೇರೆ. ಬಟ್ಟೆ ತೊಳೆಯುವ ಯಂತ್ರ ಕಟ್ಟಡದ ನೆಲಮಾಳಿಗೆಯಲ್ಲಿ. ಮೊದಲ ಚಳಿಗಾಲ ಮಾತನಾಡಿಸುವವರಿಲ್ಲದೆ ಕಿಟಕಿಯ ಮುಂದೆ ಕೂತು ಅತ್ತಿದ್ದರಂತೆ. ಪಕ್ಕದ ಮನೆಯ ಮುದುಕಿ ಸತ್ತು ಮೂರು ದಿನವಾದ ಮೇಲೆ ಗೊತ್ತಾಯಿತಂತೆ.

"ಮತ್ತ ಮನಿಗೆಲಸಕ್ಕ ಯಾರಿದ್ರು ಬಾಯಾರ? ನೀವೊಬ್ರೇನಾ?" ಎಂದು ಕೇಳಿದೆ.

ಅವರು ಒಂದು ಥರಾ ನಕ್ಕು, "ಅದನ್ನ ಸಾಹೇಬರನ್ನ ಕೇಳ್ರಿ" ಎಂದು ಕೊಡ ಎತ್ತಿಕೊಂಡು ಹೋದರು. ಆ ನಗು ನನಗೆ ಆಗ ಅರ್ಥವಾಗಲಿಲ್ಲ.

ರಜೆ ಮುಗಿದು ಕ್ಲಾಸು ಮತ್ತೆ ಶುರುವಾದ ಆ ವಾರದಲ್ಲೇ ವಿದ್ಯಾ ಒಂದು ದಿನ ತಡವಾಗಿ ಹೋದಳು. ಅಂದರೆ ಇನ್ನು ಉಳಿದದ್ದು ಒಂದೇ ಸಲ.

ಕಾರ್ಯಕ್ರಮದ ಭಾನುವಾರ ಬಂತು. ಸಭಾಂಗಣ ತುಂಬಿತ್ತು, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ವೇದಿಕೆಯ ಮೇಜಿನ ಮೇಲೆ ಬಹುಮಾನಗಳನ್ನು ಜೋಡಿಸಿದ್ದರು, ಎಲ್ಲ ಸ್ಟೀಲಿನ ಪಾತ್ರೆಗಳು. ಒಬ್ಬೊಬ್ಬರು ಹತ್ತು ನಿಮಿಷ ಮಾತನಾಡಬೇಕು, ಆಮೇಲೆ ಎದುರಾಳಿಗೆ ಎರಡೇ ಎರಡು ಪ್ರಶ್ನೆ ಕೇಳಬಹುದು. ಮಾಸ್ತರರು ಮತ್ತು ಇನ್ನಿಬ್ಬರು ಹಿರಿಯರು ತೀರ್ಪು ಕೊಡುವವರು.

ಮೊದಲು ಸಾಹೇಬರು ಎದ್ದರು. ಸೂಟು ಹಾಕಿದ್ದರು. ಒಂದು ವರ್ಷ ಜರ್ಮನಿಯನ್ನು ಹೊಗಳಿದ ಅದೇ ಬಾಯಿ ಆವತ್ತು ನಮ್ಮ ದೇಶವನ್ನು ಹೊಗಳಿದ್ದು ಕೇಳಬೇಕಿತ್ತು. ಸುಳ್ಳಲ್ಲ, ಬಹಳ ಚೆನ್ನಾಗಿ ಮಾತನಾಡಿದರು. ಅಲ್ಲಿ ಎಲ್ಲ ಇದೆ, ಬಾಗಿಲು ಬಡಿಯುವವರಿಲ್ಲ ಎಂದರು. ಜ್ವರ ಬಂದರೆ ಔಷಧಿ ಸಿಗುತ್ತದೆ, ಹಣೆ ಮುಟ್ಟಿ ನೋಡುವ ಕೈ ಸಿಗುವುದಿಲ್ಲ ಎಂದರು. ಆ ಮುದುಕಿಯ ಸಂಗತಿ ಹೇಳಿದಾಗ ನನ್ನ ಕಣ್ಣಲ್ಲೇ ನೀರು ಬಂತು. ಕೇಳುತ್ತ ಕೇಳುತ್ತ ನಾನು ಮನಸ್ಸಿನಲ್ಲೇ ಅವರ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಇನ್ನು ನಾನೇನು ಹೇಳಲಿ ಎಂದುಕೊಂಡೆ. ಅಷ್ಟರಲ್ಲಿ ಅವರು ಚಪ್ಪಾಳೆಯ ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದರು.

"ಮತ್ತ ಅಲ್ಲಿ ಎಲ್ಲಾ ಕೆಲಸ ನಾವೇ ಮಾಡ್ಕೋಬೇಕ್ರಿ! ಭಾಂಡೆ ನಾವೇ ತಿಕ್ಕಬೇಕು, ಅರಬಿ ನಾವೇ ಇಸ್ತ್ರಿ ಮಾಡಬೇಕು, ಕಸಾ ಸುದ್ದಾ ನಾವೇ ಕೆಳಗ ಒಯ್ದು ಹಾಕಬೇಕು. ಇಲ್ಲಿ ಹಂಗೇನದ? ನಮ್ಮ ದೇಶದಾಗ ಮುಂಜಾನೆ ಏಳೂದ್ರಾಗ ಎಲ್ಲಾ ತಾನಾಗೇ ಆಗಿರ್ತದ!"

ಗಂಡಸರ ಕಡೆಯಿಂದ ದೊಡ್ಡ ಚಪ್ಪಾಳೆ ಬಿತ್ತು. ನಮ್ಮವರೂ ತಟ್ಟಿದ್ದನ್ನು ನಾನು ನೋಡಿದೆ. ಹೆಂಗಸರ ಕಡೆ ಒಂದು ಬಳೆಯ ಸದ್ದೂ ಆಗಲಿಲ್ಲ.

ನನ್ನ ಸರದಿ ಬಂತು. ಒಂದು ಚೀಟಿಯಲ್ಲಿ ಏನೇನೋ ಬರೆದುಕೊಂಡಿದ್ದೆ. ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿದೆ. ಮೈಕಿನ ಮುಂದೆ ನಿಂತಾಗ ಹೆದರಿಕೆಯೇನೋ ಇತ್ತು, ಆದರೆ ಒಳಗೆ ಸಿಟ್ಟೂ ಬಂದಿತ್ತು. ಹೆದರಿಕೆಗಿಂತ ಸಿಟ್ಟು ದೊಡ್ಡದು ಎಂದು ಆವತ್ತು ಗೊತ್ತಾಯಿತು.

"ಸಾಹೇಬ್ರು ಹೇಳಿದ್ದು ಖರೇ ಐತ್ರಿ. ಬಾಗಲಾ ಬಡಿಯಾಕ ಮಂದಿ ಬೇಕು. ನಾನೂ ಒಪ್ಪತೀನಿ. ಆದ್ರ ಒಂದ ಮಾತು ನನಗ ತಿಳೀಲಿಲ್ಲ. ಇಲ್ಲಿ ಎಲ್ಲಾ ತಾನಾಗೇ ಆಗ್ತದ ಅಂದ್ರಿ. ಸಾಹೇಬ್ರ, ನೀವು ಎರಡನೇ ಮಹಡ್ಯಾಗ ಇರ್ತೀರಿ. ಇವತ್ತ ಮುಂಜಾನೆ ಜಳಕಾ ಮಾಡೇ ಬಂದೀರಿ. ಆ ನೀರು ಮೂವತ್ತಾರು ಮೆಟ್ಟಲಾ ತಾನಾಗೇ ಹತ್ತಿ ಬಂತೇನ್ರಿ?"

ಹೆಂಗಸರ ಕಡೆಯಿಂದ ಯಾರೋ "ಹೌದ ಮತ್ತ!" ಎಂದರು. ನನ್ನ ನಾಲಿಗೆಗೆ ಬಲ ಬಂತು.

"ನಾನು ಜರ್ಮನಿ ನೋಡಿಲ್ಲ. ನಾ ನೋಡಿದ್ದು ಎರಡ ಜಾಗಾ. ಒಂದು ನಮ್ಮ ಹಳ್ಳ್ಯಾಗಿನ ಬಾವಿ, ಇನ್ನೊಂದು ನಮ್ಮ ಕ್ವಾರ್ಟರ್ಸಿನ ಟಾಕಿ. ಬಾವಿ ಸಲುವಾಗಿ ನಾ ಏಳನೆತ್ತಾದಾಗ ಸಾಲಿ ಬಿಟ್ಟೆ. ಈಗ ಈ ಟಾಕಿ ಸಲುವಾಗಿ ನನ್ನ ಮಗಳು ಏಳನೆತ್ತಾ ಕ್ಲಾಸಿಗೆ ತಡಾ ಆಗಿ ಹೋಗ್ತಾಳ. ಇನ್ನೊಂದ ಸಲ ತಡಾ ಆದ್ರ ಆಕಿ ಹೆಸರು ತಗೀತಾರ. ನಲ್ಲಿ ತಿರುವಿದ್ರ ನೀರು ಬರೋ ದೇಶದಾಗ ಆಕಿ ವಯಸ್ಸಿನ ಹುಡುಗಿ ಮುಂಜಾನೆ ಆ ಹೊತ್ತಿನಾಗ ಏನ್ ಮಾಡ್ತಿರ್ತಾಳ? ಓದ್ತಿರ್ತಾಳ, ಇಲ್ಲಾ ಮಲಗಿರ್ತಾಳ. ನನ್ನ ಮಗಳು ಮಲಗಲಿ ಅನ್ನೂದಿಲ್ರಿ ನಾನು. ಓದಲಿ ಅಂತೀನಿ. ಆ ದೇಶ ಮೇಲು ಅನ್ನಾಕ ನನಗ ಇಷ್ಟ ಸಾಕು."

ನಮ್ಮವರು ನನ್ನನ್ನೇ ನೋಡುತ್ತಿದ್ದರು. ನಾನು ಶಾಲೆ ಯಾಕೆ ಬಿಟ್ಟೆ ಎಂಬುದು ಅವರಿಗೂ ಆವತ್ತೇ ಗೊತ್ತಾದದ್ದು. ನನಗೆ ಇನ್ನೂ ಐದು ನಿಮಿಷ ಉಳಿದಿತ್ತು, ಮಾತು ಮುಗಿದಿತ್ತು. ಮಾಸ್ತರರು ಮೆಲ್ಲಗೆ "ಪ್ರಶ್ನೆ ಕೇಳ್ರಿ" ಎಂದರು.

"ಸಾಹೇಬ್ರ, ಅಲ್ಲಿ ನಿಮ್ಮ ಮನಿ ಎಷ್ಟನೇ ಮಹಡಿ ಇತ್ತು?"

"ನಾಲ್ಕನೇದು" ಎಂದರು ಸಾಹೇಬರು.

"ಲಿಫ್ಟ್ ಇತ್ತೇನ್ರಿ?"

"ಇಲ್ಲಾ, ಹಳೇ ಕಟ್ಟಡ."

ನನಗೆ ಮುಖ್ಯವಾದದ್ದನ್ನು ಕೇಳುವುದು ಉಳಿದೇ ಇತ್ತು. ಹಾಗಾದರೆ ಸಾಮಾನೆಲ್ಲ ಮೇಲೆ ಹೊರುತ್ತಿದ್ದವರು ಯಾರು? ಆದರೆ ಎರಡು ಪ್ರಶ್ನೆ ಮುಗಿದುಹೋಗಿದ್ದವು. ಮಾಸ್ತರರು ಗಂಟೆ ಬಾರಿಸಿಯೇಬಿಟ್ಟರು. ಕೆಟ್ಟೆನಲ್ಲ ಎಂದು ತುಟಿ ಕಚ್ಚಿಕೊಂಡೆ. ಆಗ ಹೆಂಗಸರ ನಡುವಿನಿಂದ ಪದ್ಮಾಬಾಯಿ ಎದ್ದು ನಿಂತರು.

"ಉಳದ ಮೂರನೇ ಪ್ರಶ್ನೆ ಇವರು ಮೊನ್ನೆ ಟಾಕಿ ಮುಂದ ನನಗ ಕೇಳಿದ್ರು. ಅದಕ್ಕ ನಾ ಉತ್ತರಾ ಹೇಳ್ತೀನಿ."

"ಸಭಿಕರು ಮಾತಾಡಬಾರದ್ರಿ ವೈನಿ. ನಿಯಮ ಇಲ್ಲ" ಎಂದು ಮಾಸ್ತರರು ಕೈ ಎತ್ತಿದರು.

"ಮಾಸ್ತರ, ಮಾತಾಡಿದವರೊಳಗ ಒಬ್ಬರು ಆ ದೇಶ ನೋಡಿಲ್ಲ, ಇನ್ನೊಬ್ಬರು ನೋಡಿದ್ದು ಹೇಳ್ಲಿಲ್ಲ. ನಾನೂ ಎರಡು ವರ್ಷ ಅಲ್ಲೇ ಇದ್ದಾಕಿ" ಎಂದು ಪದ್ಮಾಬಾಯಿ ಕೂತುಕೊಳ್ಳದೆ ಮುಂದುವರಿಸಿದರು. "ಆ ನಾಲ್ಕು ಮಹಡಿ ಬಟಾಟಿ ಚೀಲಾ, ಹಾಲಿನ ಬಾಟ್ಲಿ, ಒಗದ ಅರಬಿ ಬುಟ್ಟಿ ಎಲ್ಲಾ ಹೊತ್ತವರು ಇವರೇ. ದಿನಾ ಭಾಂಡೆ ತಿಕ್ಕಿದವರು ಇವರೇ. ಅಲ್ಲಿ ಎಲ್ಲಾ ಗಂಡಸರೂ ಮಾಡ್ತಾರ, ಅದಕ್ಕ ಇವರೂ ಮಾಡಿದ್ರು. ಭಾಳ ಛಂದ ಮಾಡಿದ್ರು. ಇವರ ಬೆನ್ನಿಗೆ, ಮೊಣಕಾಲಿಗೆ ಏನೂ ಆಗಿಲ್ಲ. ಮುಂಬೈಯೊಳಗ ವಿಮಾನ ಇಳದ ಕೂಡ್ಲೆ ತಮ್ಮ ಕೈಯಾಗಿನ ಬ್ಯಾಗ ನನಗ ಕೊಟ್ರು. ಆವತ್ತಿನಿಂದ ಇವತ್ತಿನ ತನಕಾ ನಾನೇ ಹಿಡದೀನಿ."

ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತರು. ಆಮೇಲೆ ಹೆಂಗಸರು ಚಪ್ಪಾಳೆ ತಟ್ಟಿದ್ದು ನೋಡಬೇಕಿತ್ತು! ಕಟ್ಟಡ ಕೆಲಸದ ಹೆಣ್ಣುಮಕ್ಕಳಂತೂ ಎದ್ದು ನಿಂತು ಕೂಗಿದರು. ಗಂಡಸರು ಮೊದಲು ತಲೆ ಕೆರೆದುಕೊಂಡರು, ಆಮೇಲೆ ಒಬ್ಬೊಬ್ಬರಾಗಿ ನಗಲು ಶುರುಮಾಡಿದರು. ಸಾಹೇಬರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಆದರೆ ಅವರದೂ ದೊಡ್ಡ ಮನಸ್ಸು ಎನ್ನಬೇಕು. ಮೈಕಿನ ಹತ್ತಿರ ಬಂದು, "ನಾ ಸೋತೆ. ಮನಿಯೊಳಗಿನ ಸಾಕ್ಷಿ ಮುಂದ ಯಾವ ವಕೀಲನೂ ನಿಲ್ಲಂಗಿಲ್ಲ" ಎಂದರು.

ಮೊದಲ ಬಹುಮಾನ ನನಗೇ ಬಂತು. ಏನು ಬಹುಮಾನ ಅಂತೀರಿ? ಒಂದು ದೊಡ್ಡ ಸ್ಟೀಲಿನ ಕೊಡ! ಅಂಗಡಿಯವನಿಗೆ ಕನ್ನಡ ಅಕ್ಷರ ಕೆತ್ತಲು ಬರದೆ, ಅದರ ಕಂಠದ ಮೇಲೆ ಮರಾಠಿ ಅಕ್ಷರದಲ್ಲಿ 'ಚರ್ಚಾಸ್ಪರ್ಧೆ, ಪ್ರಥಮ' ಎಂದು ಕೆತ್ತಿದ್ದ. ಮಾಸ್ತರರು ಅದನ್ನು ನನ್ನ ಕೈಗೆ ಕೊಡಲು ಬಂದಾಗ ನನಗೆ ಎಲ್ಲಿಂದ ಧೈರ್ಯ ಬಂತೋ, ಕೈ ಹಿಂದೆ ಕಟ್ಟಿಕೊಂಡೆ.

"ಮಾಸ್ತರ, ಇದನ್ನ ನಮ್ಮ ಮನಿಯವರ ಕೈಯಾಗ ಕೊಡ್ರಿ. ನಾಳೆ ಮುಂಜಾನೆ ಐದಕ್ಕ ಅವರಿಗೇ ಬೇಕಾಗ್ತೈತಿ."

ಸಭಾಂಗಣ ಬಿದ್ದುಹೋಗುವ ಹಾಗೆ ನಗು. ನಮ್ಮವರನ್ನು ಅಕ್ಕಪಕ್ಕದವರು ದೂಡಿ ದೂಡಿ ವೇದಿಕೆಗೆ ಕಳಿಸಿದರು. ಅವರು ಕೊಡ ಇಸಿದುಕೊಂಡು, ಯಾರ ಮುಖವನ್ನೂ ನೋಡದೆ ಕೆಳಗಿಳಿದರು.

ಮನೆಯ ದಾರಿ ಹಿಡಿದೆವು. ಅವರು ಮುಂದೆ, ಕೊಡ ಅವರ ಕಂಕುಳಲ್ಲಿ. ವಿದ್ಯಾ ಮತ್ತು ನಾನು ಹಿಂದೆ. ಗೆದ್ದ ಖುಷಿ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಇವತ್ತು ಬಾಯಿ ಬಿಟ್ಟದ್ದು ಹೆಚ್ಚಾಯಿತೇನೋ ಎಂದು ಹೆದರಿಕೆಯಾಯಿತು. ಊಟವಾದ ಮೇಲೆ ಅವರೇ ಬಾಯಿ ತೆರೆದರು.

"ನೀ ಸಾಲಿ ಬಿಟ್ಟದ್ದು ನೀರಿನ ಸಲುವಾಗೇನು?"

"ಹೌದ್ರಿ."

"ಮತ್ತ ಇಷ್ಟ ವರ್ಷ ನನಗ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ."

ಅವರು ಎದ್ದು ಹೋಗಿ ಗಡಿಯಾರಕ್ಕೆ ಅಲಾರಂ ಇಟ್ಟರು. ಎಷ್ಟು ಗಂಟೆಗೆ ಇಟ್ಟರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುಂಜಾನೆ ನನಗೆ ಎಚ್ಚರವಾದಾಗ ಬಾಗಿಲು ತೆರೆದಿತ್ತು, ಹೊಸ ಕೊಡ ಇರಲಿಲ್ಲ. ಗ್ಯಾಲರಿಗೆ ಓಡಿ ಕೆಳಗೆ ಬಗ್ಗಿ ನೋಡಿದೆ. ಟಾಕಿಯ ಮುಂದೆ ಹೆಂಗಸರ ಪಾಳಿಯ ತುದಿಯಲ್ಲಿ ನಮ್ಮವರು ನಿಂತಿದ್ದರು. ಅವರ ಮುಂದೆ, ಮಂಕಿ ಕ್ಯಾಪ್ ಹಾಕಿಕೊಂಡು, ಕೈಯಲ್ಲಿ ಎರಡು ಬಕೆಟ್ ಹಿಡಿದ ಇನಾಮದಾರ ಸಾಹೇಬರು! ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಮ್ಮವರು ಕೊಡವನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಮೊದಲು ಹೆಗಲ ಮೇಲಿಟ್ಟರು, ಆಮೇಲೆ ಎದೆಗವಚಿಕೊಂಡರು. ಮೂರನೇ ಮಹಡಿ ಮುಟ್ಟುವುದರಲ್ಲಿ ಅರ್ಧ ನೀರು ಅಂಗಿಯ ಮೇಲೆಯೇ ಇತ್ತು. ವಿದ್ಯಾ ಆವತ್ತು ಕ್ಲಾಸಿಗೆ ಹತ್ತು ನಿಮಿಷ ಮೊದಲೇ ಹೋಗಿ ಕೂತಳು.

ವಾರದೊಳಗೆ ಪಾಳಿಯಲ್ಲಿ ಒಂಬತ್ತು ಗಂಡಸರಾದರು. ಹೆಂಡತಿಯರು ಬಿಡಬೇಕಲ್ಲ! ಆಮೇಲೆ ನಡೆದದ್ದು ಕೇಳಿದರೆ ನಿಮಗೂ ನಗು ಬಂದೀತು. ನಾವು ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಅಲುಗದ ಆ ಪಂಪು, ಗಂಡಸರು ಇಪ್ಪತ್ತು ದಿನ ನೀರು ಹೊತ್ತ ಕೂಡಲೇ ದುರಸ್ತಿಯಾಯಿತು. ಒಂಬತ್ತೂ ಜನ ಅರ್ಜಿಗೆ ಸಹಿ ಮಾಡಿ, ಸೊಂಟ ಹಿಡಿದುಕೊಂಡೇ ಮೇಲಧಿಕಾರಿಯ ಮುಂದೆ ನಿಂತಿದ್ದರಂತೆ. ನಲ್ಲಿಯಲ್ಲಿ ಮೊದಲ ಸಲ ನೀರು ಬಂದ ದಿನ ಪದ್ಮಾಬಾಯಿ ಮೇಲೆ ಓಡಿ ಬಂದು ನನ್ನ ಕೈ ಹಿಡಿದು, "ಜರ್ಮನಿ ಬಂತ್ರಿ ಸುಮಿತ್ರಾಬಾಯಿ, ಜರ್ಮನಿ!" ಎಂದರು. ಇಬ್ಬರೂ ಅಡಿಗೆಮನೆಯಲ್ಲಿ ನಿಂತು ಆ ನಲ್ಲಿಯನ್ನೇ ತಿರುವಿ ತಿರುವಿ ನೋಡಿದೆವು. ಬೇಸಿಗೆಯಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆಯ ಫಲಿತಾಂಶ ಬಂದಾಗ ಪಟ್ಟಿಯಲ್ಲಿ ವಿದ್ಯಾಳ ಹೆಸರಿತ್ತು. ಆ ಪಟ್ಟಿಯನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅದನ್ನು ಓದಲಿಕ್ಕೆಂದೇ ಅವಳ ಹತ್ತಿರ ಮರಾಠಿ ಅಕ್ಷರ ಕಲಿತಿದ್ದೆ. ಬದಲಿಗೆ ಅವಳು ನನ್ನ ಹತ್ತಿರ ಕನ್ನಡ ಅಕ್ಷರ ಕಲಿತಳು. ಇನ್ನೊಮ್ಮೆ ನನ್ನ ಹೆಸರು ಖಾಲಿ ಜಾಗ ಕಂಡಲ್ಲಿ ಬರೆಯಬಾರದಲ್ಲ!

ಯಾವ ದೇಶ ಮೇಲು ಎಂಬ ಮಾತು ಇವತ್ತಿಗೂ ಎಲ್ಲ ಕಡೆ ಕೇಳುತ್ತೇನೆ. ರಸ್ತೆ, ಆಸ್ಪತ್ರೆ, ಸಂಬಳ ಎಂದು ಜನ ಒಂದಕ್ಕೊಂದು ತೂಗಿ ನೋಡುತ್ತಾರೆ. ನಾನು ಸುಮ್ಮನೆ ಕೇಳಿ ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ಅಲ್ಲಿ ನಿಮ್ಮ ಮನೆಯೊಳಗೆ ಮೊದಲು ಏಳುವವರು ಯಾರು?

1991ರಲ್ಲಿ ನಮಗೆ ನಾಸಿಕಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆ ನೆಲಮಹಡಿಯಲ್ಲಿ, ದಿನವಿಡೀ ನಲ್ಲಿಯಲ್ಲಿ ನೀರು. ಹೋದ ಮರುದಿನ ಮುಂಜಾನೆ ಪಾತ್ರೆಯ ಸದ್ದಿಗೆ ನನಗೆ ಎಚ್ಚರವಾಯಿತು. ಗಡಿಯಾರ ನೋಡಿದರೆ ಐದು. ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ನಮ್ಮವರು ಆ ಬಹುಮಾನದ ಕೊಡವನ್ನು ಕಂಕುಳಲ್ಲಿಟ್ಟುಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದರು. ಪಂಪು ದುರಸ್ತಿಯಾಗಿ ಎರಡು ವರ್ಷ ದಾಟಿದ್ದರೂ ಅವರಿಗೆ ಐದರ ಎಚ್ಚರ ತಪ್ಪಿರಲಿಲ್ಲ.

"ಏನ್ರಿ ಅದು?" ಎಂದೆ.

"ಏನಿಲ್ಲ. ಎಚ್ಚರಾತು" ಎಂದು ಕೊಡವನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ನಲ್ಲಿಯ ಕಡೆ ನೋಡಿದರು. ಆಮೇಲೆ, "ನೀ ಮಲಕೋ. ಎದ್ದೀನಲ್ಲಾ, ಚಹಾ ಮಾಡ್ತೀನಿ" ಎಂದರು.

ಆವತ್ತು ಜೀವನದಲ್ಲಿ ಮೊದಲ ಸಲ ಹಾಸಿಗೆಯ ಮೇಲೆ ಕೂತು, ಬೇರೆಯವರು ಮಾಡಿದ ಚಹಾ ಕುಡಿದೆ. ಸಕ್ಕರೆ ವಿಪರೀತವಾಗಿತ್ತು, ಚಹಾಪುಡಿ ಸೋಸಿಯೇ ಇರಲಿಲ್ಲ. ಒಂದು ಗುಟುಕೂ ಬಿಡದೆ ಕುಡಿದೆ.